ಇನ್ಸುಲಿನ್ ಪಂಪ್ ಹಾಕಿಸಿದರೆ ಸೂಜಿ, ಊಟದ ಲೆಕ್ಕ ಎರಡೂ ತಪ್ಪುತ್ತಾ? ಬಾಗಲಕೋಟೆಯಲ್ಲಿದ್ದೇವೆ, ಮಗಳಿಗೆ ಟೈಪ್ 1 ಸಕ್ಕರೆ ಕಾಯಿಲೆ.

ಸೂಜಿ ಕಡಿಮೆ ಆಗುತ್ತದೆ, ಲೆಕ್ಕ ತಪ್ಪಲ್ಲ.

ದಿನಕ್ಕೆ ನಾಲ್ಕೈದು ಸಲ ಚುಚ್ಚುವ ಬದಲು 2-3 ದಿನಕ್ಕೊಮ್ಮೆ ಹೊಟ್ಟೆಯ ಚರ್ಮದ ಕೆಳಗೆ ಸಣ್ಣ ಕೊಳವೆ ಕೂರಿಸುತ್ತಾರೆ. ಅದರಿಂದ ದಿನವಿಡೀ ಹನಿಹನಿಯಾಗಿ ಇನ್ಸುಲಿನ್ ಹೋಗುತ್ತದೆ. ಜೊತೆಗೆ ಸೆನ್ಸರ್ ಇದ್ದರೆ ಅದು ಸುಮಾರು 5 ನಿಮಿಷಕ್ಕೊಮ್ಮೆ ಸಕ್ಕರೆ ಅಳೆದು ಪಂಪ್‌ಗೆ ಕಳಿಸುತ್ತದೆ. ತಾನೇ ಹೊಂದಿಸಿಕೊಳ್ಳುವ ಪಂಪ್ ಆದರೆ ಸಕ್ಕರೆ ಇಳಿಯುತ್ತಿದ್ದಾಗ ಇನ್ಸುಲಿನ್ ತಡೆಯುತ್ತದೆ, ಏರಿದರೆ ಜಾಸ್ತಿ ಬಿಡುತ್ತದೆ. ಹೀಗೆ ಎರಡೂ ಕಡೆ ಹೊಂದಿಸುವ ಮೊದಲ ಪಂಪ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ.

ಆದರೆ ಮಗಳು ಎರಡು ರೊಟ್ಟಿ ತಿಂದು ಮೇಲೊಂದು ಶೇಂಗಾ ಹೋಳಿಗೆ ತಿಂದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಊಟದಲ್ಲಿ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಇದೆ ಅಂತ ತಿನ್ನುವ ಮೊದಲು ನೀವೇ ಒತ್ತಬೇಕು. ಒಂದು ವಾರ ರೊಟ್ಟಿ ಹಿಟ್ಟು ತೂಕ ಮಾಡಿ ನೋಡಿ, ಅಂದಾಜು ಕೈಗೆ ಹತ್ತುತ್ತದೆ.

ನಿಜವಾಗಿ ಹುಷಾರಾಗಿರಬೇಕಾದ್ದು ಬೇರೆ ಕಡೆ. ಪಂಪ್‌ನಲ್ಲಿ ಇರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಕೊಳವೆ ಮಡಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲ) ಏರಿ ಜೀವಕ್ಕೇ ಅಪಾಯ ಆಗಬಹುದು. ಸಕ್ಕರೆ ಏರಿ ವಾಂತಿ, ಹೊಟ್ಟೆನೋವು ಶುರುವಾದರೆ ಸುಮ್ನೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಕೀಟೋನ್ ಪರೀಕ್ಷೆಯ ಪಟ್ಟಿ, ಇನ್ಸುಲಿನ್ ಪೆನ್ ಮನೆಯಲ್ಲಿ ಇರಲೇಬೇಕು. ಪೆನ್ ಡೋಸ್ ಎಷ್ಟು ಅಂತ ಡಾಕ್ಟರ್ ಹತ್ತಿರ ಮೊದಲೇ ಬರೆಸಿಟ್ಟುಕೊಳ್ಳಿ. ಇನ್ನು ನಮ್ಮ ಕಡೆ ಬಿಸಿಲು ಗೊತ್ತಲ್ವಾ, ಏಪ್ರಿಲ್‌ನಲ್ಲಿ ಪಂಪ್ ನೇರ ಬಿಸಿಲಿಗೆ ಬಿದ್ದರೆ ಒಳಗಿನ ಇನ್ಸುಲಿನ್ ಕೆಡುತ್ತದೆ. ಬಟ್ಟೆಯ ಒಳಗಿರಲಿ.