ಪ್ರತಿಕ್ರಿಯೆ: ತಿಳಿನೀಲಿಯೋ, ಕ್ರೀಮೋ?

ಮಲ್ಪೆ ಹತ್ತಿರದ ಮನೆ, ಪಶ್ಚಿಮಕ್ಕೆ ಕಿಟಕಿ, ರೆಡ್ ಆಕ್ಸೈಡ್ ನೆಲ. ಒಳಗೋಡೆಗೆ ತಿಳಿನೀಲಿ ಬಳಿಸಲೋ ಕ್ರೀಮ್ ಬಳಿಸಲೋ ಅಂತ ಕೇಳಿದ್ದೀರಿ. ನಾನಾದರೆ ಎರಡೂ ಬಿಟ್ಟು ಬೂದು ಬೆರೆತ ತಿಳಿಹಸಿರು ಬಳಿಸುತ್ತೇನೆ. ಸಂಜೆ ಬಿಸಿಲೇ ಹಳದಿ ಅಲ್ವಾ? ಅದು ಕ್ರೀಮ್ ಮೇಲೆ ಬಿದ್ದರೆ ಗೋಡೆ ಮಾವಿನ ರಸಾಯನದ ಹಾಗೆ ಕಾಣುತ್ತದೆ. ಜೊತೆಗೆ ಕೆಂಪು ನೆಲದ ಛಾಯೆಯೂ ಗೋಡೆಯ ಬುಡಕ್ಕೆ ಹೊಡೆಯುತ್ತದೆ. ನೀಲಿಯ ಕಷ್ಟ ಮಳೆಗಾಲದಲ್ಲಿ. ಮೋಡ ಕವಿದರೆ ಕೋಣೆ ಆಸ್ಪತ್ರೆ ವಾರ್ಡಿನ ಥರ. ನಮ್ಮನೆಯಲ್ಲಿ ಆಗಿದ್ದೂ ಅದೇ! 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ, ಬಲ್ಬಿನ ಡಬ್ಬಿ ಮೇಲಿರುತ್ತದೆ) ಬಿಳಿ ಬಲ್ಬ್ ಇದ್ದರೆ ಇನ್ನೂ ಜಾಸ್ತಿ. 3000 ಕೆಲ್ವಿನ್‌ನ ಹಳದಿ ಬೆಳಕಿನದ್ದು ಹಾಕಿದರೆ ಹಿತ. ಸುಮ್ನೆ ಪೇಂಟ್ ಅಂಗಡಿಯ ಶೇಡ್ ಕಾರ್ಡ್ ನಂಬಬೇಡಿ. ಗೋಡೆಗೇ ಎರಡಡಿ ಚೌಕ ಬಳಿದು ಬೆಳಿಗ್ಗೆ, ಸಂಜೆ, ರಾತ್ರಿ ನೋಡಿ. ಪೂರ್ತಿ ಪೇಂಟಿಂಗ್ ಮಾತ್ರ ಮಳೆ ಬಿಟ್ಟು ಗೋಡೆ ಒಣಗಿದ ಮೇಲೆ.