ಸಾಬೂನು ಹಚ್ಚಿ ತೆಗೆದ ಉಂಗುರ

ಕಾಸರಗೋಡಿನ ಕುಂಬಳೆ ಸಮೀಪದಿಂದ ಒಂದು ಪತ್ರ. ಬರೆದವರಿಗೆ 26 ವರ್ಷ, ಚೊಚ್ಚಲ ಬಸಿರು, 30 ವಾರ. ಗಂಡ ಕುವೈತಿನಿಂದ 20ನೇ ತಾರೀಕಿಗೆ ಬರುತ್ತಾರೆ, 16 ದಿನದ ರಜೆ. ನಾದಿನಿ ಎರಡು ಮಕ್ಕಳನ್ನು ಕರೆದುಕೊಂಡು ಮುಂಬೈಯಿಂದ ಬರುತ್ತಾರೆ. ನೆರೆಕರೆಗೆ ಹಂಚಲಿಕ್ಕೆ, ನೆಂಟರಿಗೆ ಕೊಡಲಿಕ್ಕೆ, ಮುಂಬೈಗೆ ಕಟ್ಟಿಕೊಡಲಿಕ್ಕೆ ಎಂದು ಈ ಸಲ 12 ಕಿಲೋ ಮೈದಾದ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು, ಆಗಬೇಕು. ಮನೆಯಲ್ಲಿ ಕೈ ಇರುವುದು ಇವರದ್ದು ಮತ್ತು ಮೊಣಕಾಲು ನೋವಿನ ಅತ್ತೆಯದ್ದು. ಪ್ರಶ್ನೆ ಇಷ್ಟು: ಅತ್ತೆಯ ಮನಸ್ಸು ನೋಯಿಸದೆ, ಕ್ರಿಸ್ಮಸ್ ಕೆಡಿಸದೆ, ನಾನು ಸ್ವಲ್ಪ ಆರಾಮವಾಗಿ ಇರುವುದು ಹೇಗೆ?

ಅದಕ್ಕೆ ಆಮೇಲೆ ಬರುತ್ತೇನೆ. ಎರಡು ಪುಟದ ಪತ್ರದಲ್ಲಿ ಒಂದು ಪುಟ ಅತ್ತೆಯದ್ದು, ಮುಕ್ಕಾಲು ಪುಟ ಕುಸ್ವಾರಿನದ್ದು. ಕೊನೆಯಲ್ಲಿ, ನಗೆಚಾಟಿಕೆಗೆ ಎಂಬಂತೆ, ಇದೊಂದು: "ಬೆಳಿಗ್ಗೆ ಎದ್ದರೆ ಬೆರಳೆಲ್ಲ ಕದಳಿ ಬಾಳೆಹಣ್ಣಿನ ಹಾಗೆ. ಮದುವೆ ಉಂಗುರ ಸಾಬೂನು ಹಚ್ಚಿ ತೆಗೆಯಬೇಕಾಯಿತು. ಎಣ್ಣೆಹೊಗೆಗೆ ಎರಡು ದಿನದಿಂದ ತಲೆನೋವೂ ಉಂಟು, ಅದಿರಲಿ." ಅದರ ಕೆಳಗೇ: "10ನೇ ತಾರೀಕಿನ ತಪಾಸಣೆಯನ್ನು ಜನವರಿ 4ಕ್ಕೆ ಹಾಕಿಸಿದ್ದೇವೆ. ಹಬ್ಬದ ಗಡಿಬಿಡಿಯಲ್ಲಿ ಒಂದು ದಿನ ಆಸ್ಪತ್ರೆಗೆ ಯಾಕೆ, ಎಲ್ಲ ಒಟ್ಟಿಗೆ ಆಮೇಲೆ ನೋಡಿದರಾಯಿತು ಎಂದು ನಾದಿನಿ ಹೇಳಿದರು."

ಅದಿರಬಾರದು, ತಂಗೀ. ಇದನ್ನು ಓದಿದ ದಿನವೇ ಹೋಗಿ ಬಿಪಿ ನೋಡಿಸಿ, ಮೂತ್ರ ಪರೀಕ್ಷೆ ಮಾಡಿಸಿ. ಉಳಿದದ್ದನ್ನು ಬಂದ ಮೇಲೆ ಓದಿದರೂ ಸಾಕು.

ಬಸುರಿಯ ಕಾಲು ಸಂಜೆ ಊದುವುದು ಸಾಮಾನ್ಯ. ಗರ್ಭಕೋಶ ರಕ್ತನಾಳಗಳನ್ನು ಒತ್ತುತ್ತದೆ, ದಿನವಿಡೀ ನಿಂತರೆ ನೀರು ಕೆಳಗಿಳಿಯುತ್ತದೆ, ರಾತ್ರಿ ಮಲಗಿದರೆ ಬೆಳಿಗ್ಗೆ ಇಳಿದಿರುತ್ತದೆ. ಬೆಳಿಗ್ಗೆ ಏಳುವಾಗಲೇ ಕೈ ಊದಿದ್ದರೆ, ಮುಖ ಊದಿದ್ದರೆ, ಜೊತೆಗೆ ಬಿಡದ ತಲೆನೋವು ಇದ್ದರೆ ಲೆಕ್ಕ ಬೇರೆ. 20 ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ ಅದನ್ನು ಪ್ರಿ-ಎಕ್ಲಾಂಪ್ಸಿಯ ಎನ್ನುತ್ತಾರೆ. ಮಗುವಿನ ಬೆಳವಣಿಗೆ ಕುಂಠಿತವಾಗಬಹುದು, ತಾಯಿಗೆ ಫಿಟ್ಸ್ ಬರಬಹುದು. ಮೊದಮೊದಲು ಏನೂ ಗೊತ್ತಾಗುವುದಿಲ್ಲ ಎನ್ನುವುದೇ ಇದರ ಕಷ್ಟ. ನವೆಂಬರ್ ಕೊನೆಗೆ 118/76 ಇತ್ತೆಂದು ಬರೆದಿದ್ದೀರಿ. ಅದು ನವೆಂಬರಿನ ಲೆಕ್ಕ. 28 ವಾರ ಕಳೆದ ಮೇಲೆ 15 ದಿನಕ್ಕೊಮ್ಮೆ ಕರೆಯುವುದು ಸುಮ್ಮನೆ ಅಲ್ಲ. ನೀವು ಅದನ್ನು ಐದು ವಾರ ಮಾಡಿಬಿಟ್ಟಿದ್ದೀರಿ. ತಲೆನೋವು ನಿಜಕ್ಕೂ ಎಣ್ಣೆಹೊಗೆಯದ್ದೇ ಇರಬಹುದು. ಎರಡು ನಿಮಿಷದಲ್ಲಿ ಯಂತ್ರ ಹೇಳುವುದನ್ನು ನಾವು ಊಹಿಸುವುದು ಯಾಕೆ?

ಹತ್ತಿರದ ಆರೋಗ್ಯ ಕೇಂದ್ರ ಸಾಕು. ಅರ್ಧ ಗಂಟೆ ಮೊದಲಿನಿಂದ ಚಹಾ ಬೇಡ. ಬಸ್ಸಿಳಿದು ಓಡಿ ಬಂದು ಕೈ ಚಾಚಬೇಡಿ, ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ ಕೂತುಕೊಳ್ಳಿ. ಪಟ್ಟಿ ಬರಿಯ ತೋಳಿಗೇ ಸುತ್ತಬೇಕು, ರವಿಕೆಯ ಮೇಲೆ ಅಲ್ಲ. ತೋಳು ಎದೆಯ ಮಟ್ಟಕ್ಕೆ ಇರಲಿ, ಅಳೆಯುವಾಗ ಮಾತು ಬೇಡ. 140/90 ಅಥವಾ ಹೆಚ್ಚು ಬಂದರೆ ಅದೇ ದಿನ ನಿಮ್ಮ ಡಾಕ್ಟರ ಹತ್ತಿರ. 160/110 ಬಂದರೆ 15 ನಿಮಿಷ ಬಿಟ್ಟು ಇನ್ನೊಮ್ಮೆ ನೋಡುವಷ್ಟೇ ಸಮಯ. ಮನೆಗೆ ಹೋಗಿ ಬಟ್ಟೆ ಬದಲಾಯಿಸಿ ಬರುವ ಮಾತಿಲ್ಲ. ಎಲ್ಲ ಸರಿ ಬಂದರೂ ಬೆರಳಿನ ವಿಷಯ, ತಲೆನೋವಿನ ವಿಷಯ ಬಾಯಿಬಿಟ್ಟು ಹೇಳಿ, ಜನವರಿ 4ನ್ನು ಹೊಡೆದುಹಾಕಿಸಿ, ಈ ವಾರದ್ದೇ ದಿನ ಬರೆಸಿಕೊಳ್ಳಿ. ತಲೆನೋವಿಗೆಂದು ಮೆಡಿಕಲಿನಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ನುಂಗಬೇಡಿ, ಈ ತಿಂಗಳಿನಲ್ಲಿ ಅವು ಮಗುವಿಗೆ ಆಗದು.

ತಾಯಿ-ಮಗುವಿನ ಕಾರ್ಡು ಮಲಯಾಳದಲ್ಲಿ ಇದೆ, ನನಗೆ ಓದಲು ಬಾರದು ಎಂದೂ ಬರೆದಿದ್ದೀರಿ. ಕಾಸರಗೋಡಿನ ಈ ಗೋಳು ಹಳೆಯದು. ಕನ್ನಡದ್ದು ಕೇಳಿ ನೋಡಿ. ಇಲ್ಲವೆಂದರೆ ಆಶಾ ಕಾರ್ಯಕರ್ತೆಯನ್ನು ಕೂರಿಸಿ ಪುಟಪುಟ ಓದಿಸಿ, ಪೆನ್ನಿನಲ್ಲಿ ಪಕ್ಕಕ್ಕೆ ಕನ್ನಡ ಬರೆದುಕೊಳ್ಳಿ. ಅಲ್ಲಿಯವರೆಗೆ ಇದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿ: ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚಿದಂತಾಗುವುದು, ಪಕ್ಕೆಲುಬಿನ ಕೆಳಗೆ ಬಲಬದಿಯ ನೋವು, ರಕ್ತ ಅಥವಾ ನೀರು ಹೋಗುವುದು, ಜ್ವರ, ಮಗುವಿನ ಓಡಾಟ ಕಡಿಮೆಯಾಗುವುದು. ಇದರಲ್ಲಿ ಒಂದಿದ್ದರೂ ಗಡಿಯಾರ ನೋಡದೆ ಹೊರಡಬೇಕು. ಓಡಾಟ ಲೆಕ್ಕ ಮಾಡುವುದು ಸುಲಭ: ಊಟವಾದ ಮೇಲೆ ಎಡಬದಿಗೆ ಮಲಗಿ ಎಣಿಸಿ, ಎರಡು ಗಂಟೆಯೊಳಗೆ 10 ಸಲ ಗೊತ್ತಾಗಬೇಕು.

ಇನ್ನು ಮನೆಯ ಸಂಗತಿ. ನೀವು ಅತ್ತೆಯನ್ನು ದೂರಿದ್ದೀರಿ. ನನಗೆ ಅತ್ತೆಯ ಮೇಲೆ ಕೋಪ ಬರಲಿಲ್ಲ. ಮೊಣಕಾಲು ಹಿಡಿದುಕೊಂಡು ಒಲೆಯ ಮುಂದೆ ಕೂರುವವರು ಅವರೇ. 12 ಕಿಲೋದ ಪಟ್ಟಿ ಅವರದ್ದಲ್ಲ, ಮುಂಬೈಯಿಂದ ವಾಟ್ಸಾಪಿನಲ್ಲಿ ಬಂದದ್ದು. "ನಾವೆಲ್ಲ ನೋವು ಬರುವವರೆಗೆ ದುಡಿದವರು" ಎಂದದ್ದೂ, ತಪಾಸಣೆ ಮುಂದೆ ಹಾಕಿಸಿದ್ದೂ ಒಬ್ಬರೇ. ನಾದಿನಿಗೆ ನೇವ್ರಿ (ಕರಿಗಡಬು) ಬೇಕಿದ್ದರೆ ನಾಲ್ಕು ದಿನ ಮೊದಲು ಬರಲಿ, ಲಟ್ಟಣಿಗೆ ಹಿಡಿಯಲಿ. ಗಂಡನಿಗೂ ಒಂದು ಮಾತು: ಅಕ್ಕನಿಗೆ ಫೋನು ಮಾಡಿ ಪಟ್ಟಿಯನ್ನು ನಾಲ್ಕು ಕಿಲೋಕ್ಕೆ ಇಳಿಸುವ ಕೆಲಸ ಅವರದ್ದು. ಅದು ಕುವೈತಿನಿಂದಲೂ ಆಗುತ್ತದೆ.

ಅತ್ತೆಗೆ ನೀವು ಏನೂ ಹೇಳಬೇಕಾಗಿಲ್ಲ, ಚೀಟಿ ಹೇಳಲಿ. "ಒಲೆಯ ಮುಂದೆ ನಿಲ್ಲಬಾರದು, ಮಧ್ಯಾಹ್ನ ಎರಡು ಗಂಟೆ ಮಲಗಬೇಕು" ಎಂದು ಡಾಕ್ಟರಿಂದ ಬರೆಸಿ ತನ್ನಿ. ಸೊಸೆ ಹೇಳಿದರೆ ಸೋಮಾರಿತನ, ಚೀಟಿ ಹೇಳಿದರೆ ಔಷಧಿ. ಹಾಗೆಂದು ಇಡೀ ದಿನ ಹಾಸಿಗೆ ಹಿಡಿಯುವುದೂ ಬೇಡ, ಬಿಪಿ ಸರಿ ಇದ್ದರೆ ಸಂಜೆ ಅರ್ಧ ಗಂಟೆ ನಡೆಯಿರಿ.

ಹೂವಿನ ಅಚ್ಚಿನಲ್ಲಿ ಕರಿಯುವ ಕೊಕ್ಕಿಸಾಂ ನಿಮಗೆ ಬೇಡವೇ ಬೇಡ. ಅಚ್ಚನ್ನು ಎಣ್ಣೆಯಲ್ಲಿ ಕಾಯಿಸಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು, ತಿರುಗಿ ಎಣ್ಣೆಗೆ ಇಳಿಸಿ ಅಲುಗಿಸುತ್ತ ಬಿಡಿಸಬೇಕು. ಹೊಟ್ಟೆ ಮುಂದಿರುವಾಗ ಬಾಣಲೆಗೆ ಬಗ್ಗಿದರೆ ಮೈ ತೂಕ ತಪ್ಪುತ್ತದೆ, ಬಿಸಿಗೆ ತಲೆ ತಿರುಗುತ್ತದೆ. ಕಿಡಿಯೊ ನಿಮಗೆ. ಮೇಜಿನ ಮುಂದೆ, ಬೆನ್ನಿಗೆ ದಿಂಬು ಇಟ್ಟ ಕುರ್ಚಿ, ಕಾಲಿಗೆ ಸಣ್ಣ ಮಣೆ. ಗೋಲಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೆ ಒತ್ತಿ ಹೆಬ್ಬೆರಳಿನಿಂದ ಸುರುಳಿ ಸುತ್ತುವುದು. ಅರ್ಧ ಗಂಟೆ ಆದ ಕೂಡಲೇ ಎದ್ದು ಅಂಗಳಕ್ಕೆ ಒಂದು ಸುತ್ತು, ಒಂದು ಲೋಟ ನೀರು. ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಹಸಿರು ಬೇಕಲ್ಲ, ತಟ್ಟೆಯಲ್ಲಿ ರಾಗಿ ಬಿತ್ತಿ ದಿನಾ ನೀರು ಚಿಮುಕಿಸುವುದೂ ನಿಮ್ಮದೇ ಇರಲಿ. ಬೆನ್ನು ಬಗ್ಗದ ಕೆಲಸ, ಮನಸ್ಸಿಗೂ ಹಿತ.

ಭರಣಿಯಲ್ಲಿ 21 ದಿನ ಇಟ್ಟ ದ್ರಾಕ್ಷಿ ವೈನ್ "ರಕ್ತ ಆಗಲಿಕ್ಕೆ" ಒಂದು ಸಣ್ಣ ಗ್ಲಾಸು ಕುಡಿ ಎಂದು ನಿಮ್ಮ ಅತ್ತೆ ಹೇಳಿದ್ದಾರೆ. ಇಲ್ಲಿ ನಾನು ಅತ್ತೆಯ ಪಕ್ಷ ಬಿಡುತ್ತೇನೆ. ಸಕ್ಕರೆ, ಯೀಸ್ಟ್ ಹಾಕಿ ಹುಳಿಬರಿಸಿದ ಮೇಲೆ ಅದು ದ್ರಾಕ್ಷಿರಸವಲ್ಲ, ಮದ್ಯ. ಬಸಿರಿನಲ್ಲಿ ಇಷ್ಟು ಕುಡಿದರೆ ಪರವಾಗಿಲ್ಲ ಎನ್ನುವ ಅಳತೆ ಇಲ್ಲ. ರಕ್ತ ಆಗುವುದೂ ಸುಳ್ಳು. ಕೆಂಪು ವೈನಿನ ಒಗರು ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಡೆಯುತ್ತದೆ. ರಮ್ಮಿನಲ್ಲಿ ನೆನೆಸಿದ ಹಣ್ಣಿನ ಕೇಕೂ ಅಷ್ಟೆ. ಒಂದು ಗಂಟೆ ಬೇಯಿಸಿದ ಮೇಲೂ ಮದ್ಯದ ಕಾಲು ಭಾಗದಷ್ಟು ಉಳಿಯುತ್ತದೆ, ಬೆಂದ ಮೇಲೆ ಚಮಚದಲ್ಲಿ ಚಿಮುಕಿಸಿದ್ದು ಬಹುಪಾಲು ಹಾಗೆಯೇ ಇರುತ್ತದೆ. ನಿಮಗೆ ಕಿತ್ತಳೆ ರಸದಲ್ಲಿ ಹಣ್ಣು ನೆನೆಸಿ ಬೇರೆ ಒಂದು ಸಣ್ಣ ಕೇಕು ಮಾಡಲಿ.

ನಿಮ್ಮ ಹಿಮೋಗ್ಲೋಬಿನ್ 9.8. ಬಸಿರಿನಲ್ಲಿ 11ಕ್ಕಿಂತ ಕೆಳಗೆ ಇದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸುತ್ತದೆಂದು ಚಹಾದೊಟ್ಟಿಗೆ ತೆಗೆದುಕೊಳ್ಳುತ್ತೀರಂತೆ. ಚಹಾ, ಹಾಲು, ಕ್ಯಾಲ್ಸಿಯಂ ಮೂರೂ ಅದಕ್ಕೆ ಶತ್ರು. ಕ್ಯಾಲ್ಸಿಯಂ ಊಟದೊಟ್ಟಿಗೆ ಇರಲಿ. ಕಬ್ಬಿಣದ್ದು ರಾತ್ರಿ ಊಟವಾಗಿ ಎರಡು ಗಂಟೆ ಕಳೆದು, ಮಲಗುವ ಮುಂಚೆ, ಲಿಂಬೆ ಹಿಂಡಿದ ನೀರಿನಲ್ಲಿ. ತೊಳೆಸುವುದು ನಿದ್ದೆಯಲ್ಲಿ ಕಳೆದುಹೋಗುತ್ತದೆ. ಮಲ ಕಪ್ಪಾದರೆ ಹೆದರಬೇಡಿ.

ಹಂದಿಮಾಂಸದ ಬಾಫಾತ್ ಚೆನ್ನಾಗಿ ಬೆಂದಿದ್ದರೆ ಧಾರಾಳ ತಿನ್ನಿ. ಸೊರ್ಪೊತೆಲ್ ಬೇಡ, ಅದರಲ್ಲಿ ಹಂದಿಯ ಪಿತ್ತಜನಕಾಂಗ ಇರುತ್ತದೆ. ಅದರ ವಿಟಮಿನ್ ಎ ಮಗುವಿಗೆ ಅತಿಯಾಗುತ್ತದೆ. ಮೂರು ದಿನ ಇಟ್ಟು ಉಣ್ಣುವ ಪದಾರ್ಥವನ್ನು ಇಡೀ ಪಾತ್ರೆ ಬಿಸಿ ಮಾಡಿ ಮಾಡಿ ಇಡಬೇಡಿ; ಬೇಕಾದಷ್ಟನ್ನೇ ತೆಗೆದು ಕೊತಕೊತ ಕುದಿಸಿ. ಹಸಿ ಮೊಟ್ಟೆಯ ಮೆಯನೇಸನ್ನು ಕೇರಳ ಸರಕಾರ 2023ರಲ್ಲೇ ನಿಷೇಧಿಸಿತ್ತು, ಮನೆಯಲ್ಲಿ ಮಾಡುವವರಿಗೆ ಅದು ಗೊತ್ತಿರುವುದಿಲ್ಲ.

ನಡುರಾತ್ರಿಯ ಬಲಿಪೂಜೆಗೆ ಹೋಗದಿದ್ದರೆ ಪಾಪ ಎಂದು ಹೆದರಿದ್ದೀರಿ. 24ರ ಸಂಜೆಯದ್ದಾಗಲಿ 25ರ ಬೆಳಗಿನದ್ದಾಗಲಿ, ಯಾವುದಕ್ಕೆ ಹೋದರೂ ಹಬ್ಬದ ಕರ್ತವ್ಯ ಮುಗಿಯಿತು. ಬೆಳಿಗ್ಗೆ ಹೋಗಿ, ಹೊರಗಿನ ಸಾಲಿನಲ್ಲಿ ಕುರ್ಚಿಯಲ್ಲಿ ಕೂತುಕೊಳ್ಳಿ. ಪರಮ ಪ್ರಸಾದಕ್ಕೆ ಮೊದಲು ಒಂದು ಗಂಟೆ ಉಪವಾಸದ ನಿಯಮ ನೀರಿಗೆ, ಔಷಧಿಗೆ ಇಲ್ಲ.

ಹಬ್ಬದ ದಿನ ಒಪಿ (ಹೊರರೋಗಿ ವಿಭಾಗ) ಮುಚ್ಚಿರುತ್ತದೆ. ಆ ರಾತ್ರಿ ಹೆರಿಗೆ ಡಾಕ್ಟರು ಎಲ್ಲಿ ಇರುತ್ತಾರೆ ಎಂದು ಈಗಲೇ ಫೋನು ಮಾಡಿ ಕೇಳಿಡಿ. ಎಲ್ಲದಕ್ಕೂ ಮಂಗಳೂರೇ ಎಂದು ಕೂರಬೇಡಿ; 2020ರಲ್ಲಿ ಕೊರೋನಕ್ಕೆ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ, ರೋಗಿಗಳು ಮಂಗಳೂರಿಗೆ ತಲುಪಲಾಗದೆ ಏನಾಯಿತೆಂದು ಈ ಭಾಗದವರಿಗೆ ನೆನಪಿದೆ. ಗಡಿಯ ಈಚೆ ಒಂದು ಆಸ್ಪತ್ರೆ ಗೊತ್ತಿರಲಿ. 108 ಫೋನಿನಲ್ಲಿ ಇರಲಿ, ಫೈಲು ಬಾಗಿಲ ಹತ್ತಿರದ ಚೀಲದಲ್ಲಿ.

ಆ ಉಂಗುರವನ್ನು ಹೆರಿಗೆಯಾಗುವವರೆಗೆ ಬೆರಳಿಗೆ ಹಾಕಬೇಡಿ, ಸರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳಿ. ಇಗರ್ಜಿಯ ಅಂಗಳದಲ್ಲಿ ಬೆರಳು ಯಾಕೆ ಖಾಲಿ ಎಂದು ಯಾರಾದರೂ ಕೇಳಿದರೆ ನಾದಿನಿಯೇ ಉತ್ತರ ಹೇಳಲಿ.