ಹುಟ್ಟಿದ ದಿನಾಂಕಕ್ಕೆ ಒಂದು ಕಾನೂನು, ನಿಂತ ನೆಲಕ್ಕೆ ಇನ್ನೊಂದು

ಬ್ರಹ್ಮಾವರದ ಓದುಗರೊಬ್ಬರ ಪತ್ರದ ಸಾರ: ‘ಮಗ, ಸೊಸೆ ಇಬ್ಬರೂ ಭಾರತದ ಪ್ರಜೆಗಳು, ಕೆಲಸದ ವೀಸಾದಲ್ಲಿ ಅಮೆರಿಕದಲ್ಲಿದ್ದಾರೆ. ಮೊಮ್ಮಗ 2023ರಲ್ಲಿ ಅಲ್ಲೇ ಹುಟ್ಟಿದ, ಅಲ್ಲಿನ ಪಾಸ್‌ಪೋರ್ಟನ್ನೇ ಮಾಡಿಸಿದ್ದಾರೆ. ನಾನು ಹಿಂದೆ ಬಹ್ರೈನ್‌ನಲ್ಲಿದ್ದೆ. ಮಗಳು ಹುಟ್ಟಿದ್ದು ಅಲ್ಲಿ, 1989ರಲ್ಲಿ. ಈಗ ಮದುವೆಯಾಗಿ ಉಡುಪಿಯಲ್ಲಿದ್ದಾಳೆ. ಪ್ರಜೆಯಲ್ಲದವರಿಗೆ ನಮ್ಮ ಸಂವಿಧಾನದಲ್ಲಿ ಯಾವ ಹಕ್ಕೂ ಇಲ್ಲ, ಮಗಳ ಪೌರತ್ವವೂ ಅನುಮಾನ ಎಂದು ನೆಂಟರೊಬ್ಬರು ಹೆದರಿಸಿದ್ದಾರೆ. ಭಾರತದಲ್ಲಿ ಹುಟ್ಟಿದವರೆಲ್ಲ ಭಾರತೀಯರೇ ತಾನೆ? ಹುಟ್ಟಿನಿಂದ ಸಿಗುವ ಪೌರತ್ವಕ್ಕೆ ಅಮೆರಿಕದಲ್ಲಿ ಮಾತ್ರ ಯಾಕಿಷ್ಟು ಗಲಾಟೆ? ಅಡಿಕೆ ತೋಟದ ಒಂದು ಪಾಲನ್ನು ಮೊಮ್ಮಗನ ಹೆಸರಿಗೆ ದಾನಪತ್ರ ಮಾಡಬಹುದೇ?’

ಸಂಪಾದಕರ ಉತ್ತರ:

ನಿಮ್ಮ ನೆಂಟರು ಹೇಳಿದ ಎರಡು ಮಾತೂ ತಪ್ಪು. ನೀವು ಅಂದುಕೊಂಡದ್ದರಲ್ಲೂ ಒಂದು ತಪ್ಪಿದೆ. ಭಾರತದಲ್ಲಿ ಹುಟ್ಟಿದ ಒಂದೇ ಕಾರಣಕ್ಕೆ ಭಾರತದ ಪ್ರಜೆಯಾಗುವ ಕಾಲ 1987ರ ಜೂನ್ 30ಕ್ಕೇ ಮುಗಿದಿದೆ.

ಮೊದಲು ಸಮಾನತೆಯ ವಿಚಾರ. ಸಂವಿಧಾನದ 14ನೇ ವಿಧಿ ಕೊಡುವ ಕಾನೂನಿನ ಸಮಾನ ರಕ್ಷಣೆ ಭಾರತದ ನೆಲದ ಮೇಲಿರುವ ಯಾವ ವ್ಯಕ್ತಿಗಾದರೂ ಸಲ್ಲುತ್ತದೆ. ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ, ಬಂಧನವಾದಾಗ ಕಾಯುವ 22ನೇ ವಿಧಿ, ಧರ್ಮಸ್ವಾತಂತ್ರ್ಯದ 25ನೇ ವಿಧಿ ಕೂಡ ಹಾಗೆಯೇ. ಮಣಿಪಾಲದಲ್ಲಿ ಓದುವ ವಿದೇಶಿ ವಿದ್ಯಾರ್ಥಿಯನ್ನು ಪೊಲೀಸರು ಹಿಡಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆತ ವಿದೇಶಿ ಎಂಬ ಕಾರಣಕ್ಕೆ ಒಂದು ಗಂಟೆಯೂ ಹೆಚ್ಚು ಸಿಗದು. ಹೌರಾದ ರೈಲ್ವೆ ಯಾತ್ರಿ ನಿವಾಸದಲ್ಲಿ ಅತ್ಯಾಚಾರಕ್ಕೊಳಗಾದ ಬಾಂಗ್ಲಾದೇಶದ ಮಹಿಳೆಗೆ ರೈಲ್ವೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 2000ದಲ್ಲಿ ಎತ್ತಿಹಿಡಿದದ್ದು 21ನೇ ವಿಧಿಯ ಬಲದಿಂದಲೇ. ಪ್ರಜೆಗಳಿಗೇ ಮೀಸಲಾದವು ಬೇರೆ: ತಾರತಮ್ಯ ನಿಷೇಧದ 15, ಸರ್ಕಾರಿ ನೌಕರಿಯ ಸಮಾನ ಅವಕಾಶದ 16, ಮಾತು, ಸಂಚಾರ, ವೃತ್ತಿಯ ಸ್ವಾತಂತ್ರ್ಯಗಳ 19. ಹಾಗಾಗಿ ದೇಶದಲ್ಲಿ ನೆಲೆಸುವ ಹಕ್ಕು ವಿದೇಶಿಗಿಲ್ಲ. ಅವರನ್ನು ಹೊರಗೆ ಕಳಿಸುವ ಸರ್ಕಾರದ ಅಧಿಕಾರ ಬಹಳ ದೊಡ್ಡದು ಎಂದು ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ 1955ರಲ್ಲೇ ತೀರ್ಪಾಗಿದೆ.

ಸಮಾನ ರಕ್ಷಣೆಯ ಸಾಲು ಬಂದದ್ದು ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯಿಂದ (ಅಲ್ಲೂ 14, ಇಲ್ಲೂ 14 ಎಂಬುದು ಬರೀ ಕಾಕತಾಳೀಯ). ಕರಿಯರು ಪ್ರಜೆಗಳಾಗಲಾರರು ಎಂದು 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. ಅಂತರ್ಯುದ್ಧ ಮುಗಿದ ಮೇಲೆ, 1868ರಲ್ಲಿ, ಆ ತೀರ್ಪನ್ನು ಅಳಿಸಲೆಂದೇ ಈ ತಿದ್ದುಪಡಿ ಬಂತು. ಅದರ ಒಂದೇ ಕಲಮಿನಲ್ಲಿ ಎರಡು ಸಂಗತಿಗಳಿವೆ: ಅಲ್ಲಿ ಹುಟ್ಟಿ ಅಲ್ಲಿನ ಆಡಳಿತಕ್ಕೊಳಪಟ್ಟವರೆಲ್ಲ ಪ್ರಜೆಗಳು, ಪ್ರಜೆಯಾಗಲಿ ಅಲ್ಲದಿರಲಿ ಎಲ್ಲ ವ್ಯಕ್ತಿಗಳಿಗೂ ಸಮಾನ ರಕ್ಷಣೆ. ಎರಡನೆಯದು ಎಷ್ಟು ಗಟ್ಟಿ ಎಂಬುದು 1886ರಲ್ಲಿ ಗೊತ್ತಾಯಿತು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ಪರವಾನಗಿ ಬೇಕಿತ್ತು. ನಿಯಮದಲ್ಲಿ ಚೀನೀಯರ ಹೆಸರೇ ಇರಲಿಲ್ಲ, ಆದರೆ ಅರ್ಜಿ ಹಾಕಿದ ಸುಮಾರು 200 ಚೀನೀಯರಲ್ಲಿ ಒಬ್ಬರಿಗೂ ಪರವಾನಗಿ ಸಿಗಲಿಲ್ಲ. ಉಳಿದವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. ಇದರ ವಿರುದ್ಧ ಕೋರ್ಟಿಗೆ ಹೋದ ಯಿಕ್ ವೋ ಪ್ರಕರಣದ ಅರ್ಜಿದಾರರು ಅಮೆರಿಕದ ಪ್ರಜೆಗಳಾಗಿರಲಿಲ್ಲ, ಆದರೂ ಗೆದ್ದರು. ಪರವಾನಗಿ ಕೊಡುವ ನಮ್ಮ ಪಂಚಾಯತು, ನಗರಸಭೆಗಳಿಗೂ ಈ ತೀರ್ಪು ಓದಿಸಬೇಕು. ಮೊದಲನೆಯದು ಗಟ್ಟಿಯಾದದ್ದು 1898ರಲ್ಲಿ: ಚೀನೀ ತಂದೆತಾಯಿಗೆ ಅಲ್ಲೇ ಹುಟ್ಟಿದ ವಾಂಗ್ ಕಿಮ್ ಆರ್ಕ್, ಹುಟ್ಟಿನಿಂದಲೇ ಪ್ರಜೆ ಎಂದು ತೀರ್ಪಾಯಿತು. ತಾತ್ಕಾಲಿಕ ವೀಸಾದವರ ಮಕ್ಕಳನ್ನು ಹೊರಗಿಡಲು 2025ರ ಜನವರಿ 20ರಂದು ಅಧ್ಯಕ್ಷರು ಹೊರಡಿಸಿದ ಆದೇಶ ಕೂಡಲೇ ಕೋರ್ಟು ಹತ್ತಿದ್ದು ಇದರಿಂದಾಗಿ. ಆ ಆದೇಶ ಹೇಳಿಕೊಂಡದ್ದು ಮುಂದೆ ಹುಟ್ಟುವ ಮಕ್ಕಳ ಬಗ್ಗೆ. 2023ರಲ್ಲಿ ಹುಟ್ಟಿದ ನಿಮ್ಮ ಮೊಮ್ಮಗನ ಬಗ್ಗೆ ಅಲ್ಲ.

ನಮ್ಮವರು ಇವೆರಡರಲ್ಲಿ ಒಂದನ್ನಷ್ಟೇ ಸಂವಿಧಾನದೊಳಗೆ ಗಟ್ಟಿಯಾಗಿ ಕೂರಿಸಿದರು. ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್ ಮಂಗಳೂರಿನಲ್ಲೇ 1887ರಲ್ಲಿ ಹುಟ್ಟಿದವರು. 1947ರ ಕೊನೆಗೆ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ಚರ್ಚಿಸಿ ಬಂದರು. 21ನೇ ವಿಧಿಯಲ್ಲಿ ಅಮೆರಿಕದ ‘ಡ್ಯೂ ಪ್ರೋಸೆಸ್’ (ಕಾನೂನಿನ ಕ್ರಮವೂ ನ್ಯಾಯವಾಗಿರಬೇಕು ಎಂಬ ಷರತ್ತು) ಇಲ್ಲದಿರುವುದಕ್ಕೆ ಆ ಮಾತುಕತೆಯೂ ಒಂದು ಕಾರಣ. ಸಮಾನ ರಕ್ಷಣೆ ಉಳಿಯಿತು. ಪೌರತ್ವದ 5ರಿಂದ 11ರವರೆಗಿನ ವಿಧಿಗಳಾದರೋ ಸಂವಿಧಾನ ಜಾರಿಯಾಗುವಾಗ ಯಾರು ಪ್ರಜೆ ಎಂಬುದನ್ನಷ್ಟೇ ತೀರ್ಮಾನಿಸಿ, ಮುಂದಿನದನ್ನು 11ನೇ ವಿಧಿಯ ಮೂಲಕ ಸಂಸತ್ತಿನ ಕೈಗೆ ಬಿಟ್ಟವು. ಹಾಗಾಗಿ ಅಮೆರಿಕದಲ್ಲಿ ಇಷ್ಟು ಗಲಾಟೆ ಎಬ್ಬಿಸಿದ ಬದಲಾವಣೆ ಇಲ್ಲಿ ಸಾಮಾನ್ಯ ಬಹುಮತದ ತಿದ್ದುಪಡಿಯಿಂದ ಎರಡು ಸಲ ಆಗಿಹೋಯಿತು.

1955ರ ಪೌರತ್ವ ಕಾಯ್ದೆಯ 3ನೇ ಕಲಮು ಈಗ ಹೀಗಿದೆ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು, ರಾಜತಾಂತ್ರಿಕರ ಮಕ್ಕಳಂಥ ಒಂದೆರಡು ಅಪವಾದ ಬಿಟ್ಟು, ಹೆತ್ತವರು ಯಾರೇ ಇರಲಿ, ಪ್ರಜೆಗಳು. 1987ರ ಜುಲೈ 1ರಿಂದ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರು ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರಿಂದೀಚೆಗೆ ಇಬ್ಬರೂ ಪ್ರಜೆಗಳಾಗಿರಬೇಕು, ಅಥವಾ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಎಡವಟ್ಟಾಗುವುದು ದಿನಾಂಕದಲ್ಲಿ. ಶಾಲೆಗೆ ಸೇರಿಸಲು ಅನುಕೂಲವಾಗಲೆಂದು ಮಾಸ್ತರರು ‘ಜೂನ್ 1’ ಎಂದು ಬರೆದುಬಿಡುತ್ತಿದ್ದ ಕಾಲ ಅದು. 1987ರ ಆಗಸ್ಟಿನಲ್ಲಿ ಹುಟ್ಟಿದವರ ಟೀಸಿಯಲ್ಲಿ ಜೂನ್ ಇದ್ದರೆ ಜನನ ಪ್ರಮಾಣಪತ್ರಕ್ಕೂ ಅದಕ್ಕೂ ತಾಳೆಯಾಗದು, ಮತ್ತು ನಡುವೆ ಈ ಗೆರೆ ಬೀಳುತ್ತದೆ. ಹೆತ್ತವರು ಭಾರತೀಯರಾದರೆ ಪೌರತ್ವ ಹೋಗುವುದಿಲ್ಲ, ಆದರೆ ಹೆತ್ತವರ ಕಾಗದವನ್ನೂ ಹುಡುಕಬೇಕಾಗುತ್ತದೆ. ಜನನ ನೋಂದಣಿಯೇ ಆಗಿಲ್ಲದವರು ಮೊದಲು ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ಪಡೆದು, ವರ್ಷ ದಾಟಿದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಮಾಡಿಸಬೇಕು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾಧಿಕಾರಿ, ಎಸಿ ಅಥವಾ ಜಿಲ್ಲಾಧಿಕಾರಿ ನೇಮಿಸಿದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರದ್ದು. ಆಧಾರ್ ಈ ಕೆಲಸಕ್ಕೆ ಬಾರದು. ಅದು ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯ 9ನೇ ಕಲಮೇ ಹೇಳುತ್ತದೆ.

ಮಗಳ ಬಗ್ಗೆ ಚಿಂತೆ ಬೇಡ. ವಿದೇಶದಲ್ಲಿ 1992ರ ಡಿಸೆಂಬರ್ 10ಕ್ಕೆ ಮೊದಲು ಹುಟ್ಟಿದ ಮಗುವಿಗೆ ತಂದೆ ಭಾರತದ ಪ್ರಜೆಯಾಗಿದ್ದರೆ ವಂಶದಿಂದ ಪೌರತ್ವ ಬರುತ್ತದೆ. ನೀವು ಇಲ್ಲೇ ಹುಟ್ಟಿದವರಾದರೆ ರಾಯಭಾರ ಕಚೇರಿಯ ನೋಂದಣಿಯೂ ಕಡ್ಡಾಯವಿರಲಿಲ್ಲ. ಅದೇ 1989ರಲ್ಲಿ ತಾಯಿ ಭಾರತೀಯಳು, ತಂದೆ ವಿದೇಶಿ ಆಗಿದ್ದರೆ ಪೌರತ್ವ ಬರುತ್ತಿರಲಿಲ್ಲ. ಸಮಾನತೆಯ ಸಂವಿಧಾನ ಬಂದ ಮೇಲೂ ತಾಯಿಯ ಪೌರತ್ವಕ್ಕೆ ವಿದೇಶದಲ್ಲಿ ಹುಟ್ಟಿದ ಮಗುವಿನ ಮಟ್ಟಿಗೆ ಬೆಲೆಯಿಲ್ಲ ಎಂಬ ಕಾನೂನು 1955ರಿಂದ 1992ರವರೆಗೆ ನಡೆದೇ ಇತ್ತು. ಅದೂ ಮನೆತನ ತಾಯಿಯ ಕಡೆಯಿಂದ ಎಣಿಸುವ ಅಳಿಯಸಂತಾನದ ನಾಡಿನವರಿಗೆ!

ಮಗಳ ಬಹ್ರೈನ್ ಜನನ ಪ್ರಮಾಣಪತ್ರ, ಆ ಕಾಲದ ನಿಮ್ಮ ಪಾಸ್‌ಪೋರ್ಟ್, ನಿಮ್ಮ ಜನನ ದಾಖಲೆ ಈ ಮೂರನ್ನೂ ಒಟ್ಟಿಗೆ ಇಡಿ. ಮೂಲೆ ಕತ್ತರಿಸಿ ಹಿಂತಿರುಗಿಸಿದ ಹಳೆ ಪಾಸ್‌ಪೋರ್ಟನ್ನು ಎಸೆಯಬೇಡಿ. ಆ ದಿನ ನೀವು ಭಾರತದ ಪ್ರಜೆಯಾಗಿದ್ದಿರಿ ಎನ್ನಲು ಅದಕ್ಕಿಂತ ಒಳ್ಳೆಯ ಕಾಗದವಿಲ್ಲ. ಹೆಸರನ್ನೂ ನೋಡಿಕೊಳ್ಳಿ. ಅರಬಿಯಲ್ಲಿ ‘ಪ’ ಅಕ್ಷರವಿಲ್ಲ, ಹಾಗಾಗಿ ಅಲ್ಲಿನ ಪ್ರಮಾಣಪತ್ರ ಇಂಗ್ಲಿಷಿಗೆ ಬರುವಾಗ ‘ಪೂಜಾರಿ’ ‘ಬೂಜಾರಿ’ ಆಗಿರುವುದುಂಟು.

ಮೊಮ್ಮಗನ ಲೆಕ್ಕ ಬೇರೆ. 2004ರ ಡಿಸೆಂಬರ್ 3ರ ನಂತರ ವಿದೇಶದಲ್ಲಿ ಹುಟ್ಟಿದ ಮಗುವನ್ನು ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ನೋಂದಾಯಿಸಬೇಕು, ತಡವಾದರೆ ಕೇಂದ್ರದ ಅನುಮತಿ ಬೇಕು. ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಹೆತ್ತವರು ಬರೆದುಕೊಡಬೇಕು. ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿದ ಮೇಲೆ ಹಾಗೆ ಬರೆಯುವಂತಿಲ್ಲ. ಉಳಿದದ್ದು ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್. ಹೆತ್ತವರು ಭಾರತೀಯರಾದ್ದರಿಂದ ಸಿಗುತ್ತದೆ. ಅದರಿಂದ ವೀಸಾ ಚಿಂತೆ ತಪ್ಪುತ್ತದೆ. ಮತದಾನ, ಚುನಾವಣೆ, ಸರ್ಕಾರಿ ನೌಕರಿ ಇಲ್ಲ. ಮುಂದೆ ಮಂಗಳೂರಿನಲ್ಲಿ ವೈದ್ಯಕೀಯ ಓದಿಸುವ ಆಸೆಯಿದ್ದರೆ ಈಗಲೇ ತಿಳಿದಿರಲಿ: 2021ರ ಮಾರ್ಚ್ 4ರ ಅಧಿಸೂಚನೆಯಂತೆ ಓಸಿಐಗಳಿಗೆ ಎನ್‌ಆರ್‌ಐ ಸೀಟು ಮಾತ್ರ. ಅದಕ್ಕೂ ಮೊದಲು ಕಾರ್ಡ್ ಪಡೆದವರಿಗೆ ಇದು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ನಿಮ್ಮ ಮೊಮ್ಮಗ ಆ ಗುಂಪಿನವನಲ್ಲ.

ಇದು 14ನೇ ವಿಧಿಗೆ ವಿರುದ್ಧವಲ್ಲವೇ ಎಂದು ನೀವು ಕೇಳಬಹುದು. 1952ರ ಅನ್ವರ್ ಅಲಿ ಸರ್ಕಾರ್ ತೀರ್ಪಿನಿಂದ ಕೋರ್ಟುಗಳು ನೋಡುತ್ತ ಬಂದಿರುವುದು ಎರಡನ್ನು: ಗುಂಪು ಮಾಡಿದ್ದಕ್ಕೆ ಸ್ಪಷ್ಟ ಆಧಾರವಿದೆಯೇ, ಆ ಆಧಾರಕ್ಕೂ ಕಾನೂನಿನ ಉದ್ದೇಶಕ್ಕೂ ಸಂಬಂಧವಿದೆಯೇ. ಪ್ರಜೆ, ಪ್ರಜೆಯಲ್ಲದವ ಎಂಬ ಭೇದ ಬಹುತೇಕ ಈ ಪರೀಕ್ಷೆ ದಾಟುತ್ತದೆ.

ತೋಟದ ದಾನಪತ್ರ ಆಗದು. ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾದ ನಿಯಮದಂತೆ ಓಸಿಐಗಳು ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್‌ಗಳನ್ನು ಕ್ರಯಕ್ಕೂ ಪಡೆಯುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ, ಉತ್ತರಾಧಿಕಾರದಿಂದ ಬರಬಹುದು. ಅಡಿಕೆ ತೋಟ ಕೃಷಿಯೋ ಪ್ಲಾಂಟೇಶನ್ನೋ ಎಂದು ವಾದಿಸಿ ಪ್ರಯೋಜನವಿಲ್ಲ, ಎರಡಕ್ಕೂ ತಡೆಯಿದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ನೋಂದಣಿಯಾಗಿಬಿಟ್ಟರೂ ಉಲ್ಲಂಘನೆ ಉಲ್ಲಂಘನೆಯೇ, ದಂಡ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಮಗ ಪ್ರಜೆಯೇ ಆದರೂ ಅನಿವಾಸಿಯಾಗಿರುವಷ್ಟು ದಿನ ಅವರಿಗೂ ಇದೇ ತಡೆ. ಈಗ ನೀವು ತೋಟವನ್ನು ದಾನಪತ್ರದಲ್ಲಿ ಬರೆದುಕೊಡಬಹುದಾದದ್ದು ಉಡುಪಿಯಲ್ಲಿರುವ ಮಗಳಿಗೆ ಮಾತ್ರ.